ವೆಲ್ಶ್‌ಪೂಲ್‌ಗೆ ಹೋಗುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಜಿಲ್ಲೆಯವನು. ಈಗ ಇರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಂದ ಒಂದೂವರೆ ಗಂಟೆಯ ರೈಲು ದಾರಿಯಲ್ಲಿ ವೆಲ್ಶ್‌ಪೂಲ್ ಎಂಬ ಸಂತೆ ಊರಿದೆ. ಟಿಪ್ಪು ಸುಲ್ತಾನನ ಗುಡಾರ ಮತ್ತು ಇನ್ನೂ ಕೆಲವು ವಸ್ತುಗಳು ಇರುವ ಪೋವಿಸ್ ಕೋಟೆ ಅದರ ಪಕ್ಕದಲ್ಲೇ ಇದೆ. ಊರಿಂದ ಯಾರೇ ಬಂದರೂ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹೋಗುವ ಮೊದಲು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಫೋನಿನಲ್ಲಿ, ಪತ್ರದಲ್ಲಿ, ರೈಲಿನಲ್ಲಿ ಕೂತು ಕೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿ, ಸುಲಭದ್ದು ಮೊದಲು, ಯೋಚಿಸಬೇಕಾದದ್ದು ಆಮೇಲೆ ಬರುವ ಹಾಗೆ ಇಟ್ಟಿದ್ದೇನೆ.

## ಹೊರಡುವ ಮೊದಲು

ವೆಲ್ಶ್‌ಪೂಲ್ ಇರೋದು ಇಂಗ್ಲೆಂಡಲ್ಲಾ, ವೇಲ್ಸಲ್ಲಾ? ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ದಯವಿಟ್ಟು ಅಲ್ಲಿನವರ ಮುಂದೆ ಹಾಗೆ ಹೇಳಬೇಡಿ. ವೇಲ್ಸ್ ಬ್ರಿಟನ್ನಿನ ಒಂದು ಭಾಗ, ನಿಜ. ಆದರೆ ಅದಕ್ಕೆ ತನ್ನದೇ ಭಾಷೆ ಇದೆ, ಬಾವುಟ ಇದೆ, ಶಾಸನಸಭೆ ಇದೆ. ವೆಲ್ಶ್‌ಪೂಲ್ ವೇಲ್ಸಿನ ಪೊವಿಸ್ ಕೌಂಟಿಗೆ ಸೇರಿದ್ದು. ಸೆವರ್ನ್ ನದಿಯ ಬಯಲಿನಲ್ಲಿ, ಇಂಗ್ಲೆಂಡಿನ ಗಡಿಯಿಂದ ಆರೇಳು ಕಿಲೋಮೀಟರ್ ಒಳಗಿದೆ. ಜನಸಂಖ್ಯೆ ಆರೇಳು ಸಾವಿರ ಅಷ್ಟೇ. ಗಡಿ ಊರಾದ್ದರಿಂದ ಬೀದಿಯಲ್ಲಿ ಇಂಗ್ಲಿಷೇ ಜಾಸ್ತಿ ಕೇಳಿಸುತ್ತದೆ. ಬೋರ್ಡುಗಳಲ್ಲಿ ಮಾತ್ರ ಎರಡೂ ಭಾಷೆ ಇರುತ್ತದೆ. ರಸ್ತೆಯ ಮೇಲೆ ದೊಡ್ಡದಾಗಿ 'ಅರಾವ್' ಎಂದು ಬರೆದಿರುತ್ತಾರೆ. ನಿಧಾನ ಎಂದರ್ಥ. ಕಾರು ಓಡಿಸುವವರು ಮೊದಲು ಕಲಿಯುವ ವೆಲ್ಶ್ ಪದ ಅದೇ.

'ಪೂಲ್' ಅಂದ್ರೆ ಈಜುಕೊಳನಾ? ಆ ಹೆಸರು ಹೇಗೆ ಬಂತು?

ಮೊದಲು ಊರಿನ ಹೆಸರು ಬರೀ 'ಪೂಲ್' ಅಂತಲೇ ಇತ್ತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಪೂಲ್ ಎಂಬ ಇನ್ನೊಂದು ಊರಿದೆ. ಎರಡಕ್ಕೂ ಗೊಂದಲ ಆಗದಿರಲಿ ಎಂದು 1835ರಲ್ಲಿ ಇದಕ್ಕೆ ವೆಲ್ಶ್ ಎಂಬುದನ್ನು ಸೇರಿಸಿದರು. ವೆಲ್ಶ್ ಭಾಷೆಯ ಹೆಸರು 'ಅ ತ್ರಾಲ್ಲುಂಗ್'. ಜೌಗು ನೆಲ, ಕಾಲಿಟ್ಟರೆ ಹೂತುಹೋಗುವ ನೆಲ ಎಂಬ ಅರ್ಥ ಅದಕ್ಕಿದೆ. ನದಿ ಪಕ್ಕದ ಊರಿಗೆ ಸರಿಯಾದ ಹೆಸರೇ.

ಆ ಹೆಸರಿನ ನಡುವಿನ 'ಲ್ಲ' ನಮ್ಮ 'ಲ್ಲ' ಅಲ್ಲ, 'ಳ್ಳ' ಕೂಡ ಅಲ್ಲ. 'ಲ' ಹೇಳುವ ಹಾಗೆ ನಾಲಿಗೆ ಇಟ್ಟುಕೊಂಡು, ದನಿ ಹೊರಡಿಸದೆ ಬದಿಯಿಂದ ಗಾಳಿ ಊದಬೇಕು. ನಮಗೆ ಹತ್ತು ಸಲ ತಪ್ಪಾಗುತ್ತದೆ. ಆದರೂ ಪ್ರಯತ್ನ ಮಾಡಿ, ಕೇಳಿದವರ ಮುಖ ಅರಳುತ್ತದೆ.

ಹೋಗೋದು ಹೇಗೆ? ವೇಲ್ಸ್‌ಗೆ ಬೇರೆ ವೀಸಾ ಬೇಕಾ?

ಬೇರೆ ವೀಸಾ ಬೇಡ. ಬ್ರಿಟನ್ನಿನ ಪ್ರವಾಸಿ ವೀಸಾ ಇದ್ದರೆ ಸಾಕು. ಗಡಿ ದಾಟಿದ್ದು ಬೋರ್ಡು ನೋಡಿದರಷ್ಟೇ ಗೊತ್ತಾಗುತ್ತದೆ.

ಬರ್ಮಿಂಗ್‌ಹ್ಯಾಮ್‌ನಿಂದ ಆಬರಿಸ್ಟ್‌ವಿತ್ ಕಡೆ ಹೋಗುವ ರೈಲು ಶ್ರೂಸ್‌ಬರಿ ದಾಟಿದ ಮೇಲೆ ನಿಲ್ಲುವ ಊರೇ ವೆಲ್ಶ್‌ಪೂಲ್. ಲಂಡನ್‌ನಿಂದ ಬರುವವರು ಬರ್ಮಿಂಗ್‌ಹ್ಯಾಮ್‌ಗೆ ಬಂದು ಇದೇ ರೈಲು ಹಿಡಿಯಬಹುದು. ಇದು ಮೆಟ್ರೊ ಹಾಗೆ ಐದು ನಿಮಿಷಕ್ಕೊಂದು ಬರುವುದಿಲ್ಲ. ಒಂದು ತಪ್ಪಿದರೆ ಎರಡು ಗಂಟೆ ಕಾಯಬೇಕಾಗಬಹುದು. ವಾಪಸ್ ಬರುವ ರೈಲಿನ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಿಲ್ದಾಣದಲ್ಲಿ ಇಳಿದ ಮೇಲೆ ಒಂದು ವಿಷಯ ಗಮನಿಸಿ. ಅರಮನೆಯ ಹಾಗೆ ಕಾಣುವ ಹಳೆಯ ನಿಲ್ದಾಣದ ಕಟ್ಟಡ ಹಳಿಯಿಂದ ದೂರ, ರಸ್ತೆಯ ಆಚೆ ಇದೆ. ಬೈಪಾಸ್ ರಸ್ತೆ ಮಾಡುವಾಗ ಹಳಿಯನ್ನೇ ಪಕ್ಕಕ್ಕೆ ಸರಿಸಿದರು. ಹಳೆಯ ಕಟ್ಟಡದಲ್ಲಿ ಈಗ ಅಂಗಡಿಗಳಿವೆ.

ಯಾವ ತಿಂಗಳು ಒಳ್ಳೇದು? ಒಂದೇ ದಿನ ಸಾಕಾಗತ್ತಾ?

ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಊರಿನ ಪುಟ್ಟ ಉಗಿ ರೈಲು ಓಡುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಹೂವು ಬೇಕಾದವರಿಗೆ ಜೂನ್‌ನಿಂದ ಆಗಸ್ಟ್. ನನ್ನನ್ನು ಕೇಳಿದರೆ ಅಕ್ಟೋಬರ್ ಎರಡನೇ ವಾರ. ಕೋಟೆಯ ತೋಟದಲ್ಲಿ ಎಲೆಗಳು ಕೆಂಪು, ಹಳದಿ ಆಗಿ ಉರಿಯುವ ಹಾಗಿರುತ್ತವೆ. ಮಳೆ ಯಾವ ತಿಂಗಳಲ್ಲೂ ಬರಬಹುದು. ಕೊಡೆಗಿಂತ ಟೋಪಿ ಇರುವ ಜಾಕೆಟ್ ಒಳ್ಳೆಯದು, ಗಾಳಿ ಜೋರು.

ಒಂದು ದಿನದಲ್ಲಿ ಕೋಟೆ ಆಗುತ್ತದೆ, ಊರು ಆಗುವುದಿಲ್ಲ. ನಮ್ಮವರು ಟಿಪ್ಪುವಿನ ಗುಡಾರ ನೋಡಿ, ಫೋಟೊ ತೆಗೆದು, ಮೂರು ಗಂಟೆ ರೈಲಿಗೆ ಓಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಒಂದು ರಾತ್ರಿ ಉಳಿಯಿರಿ. ಭಾನುವಾರ ಬಂದು ಸೋಮವಾರ ಸಂಜೆ ಹೊರಟರೆ ಸಂತೆಯೂ ಸಿಗುತ್ತದೆ.

## ಊರೊಳಗೆ

ಸೋಮವಾರವೇ ಯಾಕೆ? ಏನಿದೆ ಆ ಸಂತೆಯಲ್ಲಿ?

ಈ ಊರು ಹುಟ್ಟಿದ್ದೇ ಸಂತೆಯಿಂದ. 1263ರಲ್ಲಿ ಪೊವಿಸ್ ಸೀಮೆಯ ರಾಜಕುಮಾರ ಗ್ರಿಫಿದ್ ಅಪ್ ಗ್ವೆನ್‌ವಿನ್‌ವಿನ್ ಇದಕ್ಕೆ ಸಂತೆಯ ಹಕ್ಕುಪತ್ರ ಕೊಟ್ಟ. ಬೆಟ್ಟದ ಮೇಲಿನ ಕುರುಬರೂ ಬಯಲಿನ ವ್ಯಾಪಾರಿಗಳೂ ಸೇರುವ ಜಾಗ ಇದು. ಒಂದು ಕಾಲಕ್ಕೆ ಫ್ಲ್ಯಾನಲ್ ಬಟ್ಟೆ ವ್ಯಾಪಾರಕ್ಕೂ ಹೆಸರಾಗಿತ್ತು. ಫ್ಲ್ಯಾನಲ್ ಎಂದರೆ ಉಣ್ಣೆ, ಉಣ್ಣೆ ಎಂದರೆ ಕುರಿ. ಎಲ್ಲಾ ಸುತ್ತಿಕೊಂಡು ಕುರಿಗೇ ಬರುತ್ತದೆ.

ಈಗಿನ ಕುರಿ ಸಂತೆ ಊರ ನಡುವೆ ಇಲ್ಲ. 2009ರಲ್ಲಿ ಊರ ಹೊರಗೆ, ಬಟಿಂಗ್ಟನ್ ಕಡೆಗೆ ಹೋಯಿತು. ಒಂದೇ ದಿನ ನಡೆಯುವ ಕುರಿ ಸಂತೆಗಳಲ್ಲಿ ಇದು ಯುರೋಪಿಗೇ ದೊಡ್ಡವುಗಳಲ್ಲಿ ಒಂದು. ಸಾಲು ಸಾಲು ಕಬ್ಬಿಣದ ಕಟಕಟೆ, ಅದರೊಳಗೆ ಕುರಿ, ಮೇಲೆ ಹಲಗೆಯ ಮೇಲೆ ನಡೆಯುತ್ತಾ ಹರಾಜು ಕೂಗುವವನು. ಅವನು ಹೇಳುವುದು ಒಂದಕ್ಷರವೂ ಅರ್ಥ ಆಗುವುದಿಲ್ಲ. ಕೊಳ್ಳುವವರು ಹುಬ್ಬು ಹಾರಿಸಿದರೂ ಅವನಿಗೆ ಗೊತ್ತಾಗುತ್ತದೆ. ಅಮೀನಗಡದ ಕುರಿ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾಡುವುದನ್ನು ನೋಡಿದವರಿಗೆ ಇದು ಹೊಸದು ಅನಿಸುವುದಿಲ್ಲ. ದಾರಿಗೆ ಅಡ್ಡ ನಿಲ್ಲಬೇಡಿ, ರೈತರಿಗೆ ಅದು ಕೆಲಸದ ದಿನ.

ಪುಟ್ಟ ರೈಲು ಮಕ್ಕಳಿಗೆ ಮಾತ್ರ ಅಲ್ವಾ? ದೊಡ್ಡವರಿಗೂ ಮಜಾ ಇದೆಯಾ?

ಇದೆ. ಇದು ಪಾರ್ಕಿನ ಆಟದ ರೈಲಲ್ಲ. ಲಾನ್‌ವೈರ್ ಕೈರೈನಿಯನ್ ಎಂಬ ಹಳ್ಳಿಯನ್ನು ವೆಲ್ಶ್‌ಪೂಲ್ ಸಂತೆಗೆ ಸೇರಿಸಲು 1903ರಲ್ಲಿ ಶುರುವಾದ ನಿಜವಾದ ಹಳ್ಳಿ ರೈಲು. ಬೆಣ್ಣೆ, ಮರ, ಕಲ್ಲಿದ್ದಲು, ಕುರಿ, ಜನ, ಎಲ್ಲ ಇದರಲ್ಲೇ ಓಡಾಡುತ್ತಿತ್ತು. ಬಸ್ಸು ಬಂದ ಮೇಲೆ 1931ರಲ್ಲಿ ಜನರ ಗಾಡಿ ನಿಂತಿತು. 1956ರಲ್ಲಿ ಸರಕಿನ ಗಾಡಿಯೂ ನಿಂತಿತು. ಆಮೇಲೆ ರೈಲು ಪ್ರೀತಿಸುವವರು ಸೇರಿ, ಪುಕ್ಕಟೆ ದುಡಿದು, 1963ರಲ್ಲಿ ಮತ್ತೆ ಓಡಿಸಿದರು. ಇವತ್ತಿಗೂ ಹೆಚ್ಚಿನ ಕೆಲಸ ಸ್ವಯಂಸೇವಕರದೇ. ನಿವೃತ್ತರಾದ ಮೇಷ್ಟ್ರು, ಇಂಜಿನಿಯರ್‌ಗಳು ಮಸಿ ಮೆತ್ತಿದ ಕೈಯಲ್ಲಿ ಟಿಕೆಟ್ ನೋಡುತ್ತಾರೆ.

ಹಳಿಯ ಅಗಲ 762 ಮಿಲಿಮೀಟರ್. ಯಶವಂತಪುರದಿಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡುತ್ತಿದ್ದ ನಮ್ಮ ಹಳೆಯ ಸಣ್ಣ ರೈಲಿನ ಹಳಿಯೂ ಅಷ್ಟೇ ಅಗಲ. ನಂದಿ ಹಾಲ್ಟ್ ದಾರಿಯಲ್ಲಿ ಆ ಗಾಡಿ ಹತ್ತಿದ ನೆನಪಿರುವ ಹಿರಿಯರನ್ನು ಇಲ್ಲಿಗೆ ಕರೆತನ್ನಿ. ಹೊಗೆಯ ವಾಸನೆಗೇ ಅವರ ಕಥೆ ಶುರುವಾಗುತ್ತದೆ.

ಒಂದು ಕಡೆಗೆ ಸುಮಾರು 13.5 ಕಿಲೋಮೀಟರ್. ಹೊರಟ ಕೂಡಲೇ ಗೋಲ್ಫಾ ಏರು ಸಿಗುತ್ತದೆ. 29 ಅಡಿ ಹೋದರೆ ಒಂದು ಅಡಿ ಮೇಲೆ. ಉಗಿಬಂಡಿಗೆ ಅದು ಕಡಿದಾದ ಏರು, ಉಸಿರು ಕಟ್ಟುವುದು ಕೇಳಿಸುತ್ತದೆ. ಡಬ್ಬಿಯ ಹಿಂದಿನ ಬಾಲ್ಕನಿಯಲ್ಲಿ ನಿಂತುಕೊಳ್ಳಿ. ಮೊದಲಿನ ಎರಡು ಉಗಿಬಂಡಿಗಳ ಹೆಸರು 'ದಿ ಅರ್ಲ್' ಮತ್ತು 'ದಿ ಕೌಂಟೆಸ್'. ಎರಡೂ ಇನ್ನೂ ಇವೆ. ರೈಲು ಹೊರಡುವುದು ಊರ ಪಶ್ಚಿಮದ ರೇವನ್ ಸ್ಕ್ವೇರ್‌ನಿಂದ. ದೊಡ್ಡ ರೈಲು ನಿಲ್ದಾಣದಿಂದ ಅಲ್ಲಿಗೆ ಊರು ದಾಟಿ ನಡೆಯಬೇಕು, ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ.

ಅಲ್ಲೊಂದು ಕೋಳಿ ಅಂಕದ ಕಟ್ಟಡ ಇದೆಯಂತೆ, ನಿಜನಾ?

ನಿಜ. ನ್ಯೂ ಸ್ಟ್ರೀಟ್‌ನಲ್ಲಿ ಆರು ಮೂಲೆಯ ಸಣ್ಣ ಇಟ್ಟಿಗೆ ಕಟ್ಟಡ. ಕೋಳಿ ಕಾಳಗಕ್ಕೆಂದೇ 18ನೇ ಶತಮಾನದಲ್ಲಿ ಕಟ್ಟಿದ್ದು. 1849ರಲ್ಲಿ ಕಾಳಗ ನಿಷೇಧ ಆಗುವವರೆಗೂ ನಡೆಯುತ್ತಿತ್ತು. ಕಟ್ಟಿದ ಜಾಗದಲ್ಲೇ ಉಳಿದಿರುವ ಇಂಥ ಕಟ್ಟಡ ವೇಲ್ಸಿನಲ್ಲಿ ಇದೊಂದೇ. ಇನ್ನೊಂದನ್ನು ಡೆನ್‌ಬಿ ಎಂಬ ಊರಿಂದ ಬಿಚ್ಚಿ ತಂದು ಕಾರ್ಡಿಫ್ ಬಳಿಯ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿದ್ದಾರೆ.

ಒಳಗೆ ನೋಡುವುದಕ್ಕೆ ಹೆಚ್ಚೇನಿಲ್ಲ. ಐದು ನಿಮಿಷ ಸಾಕು. ನಮ್ಮ ತುಳುನಾಡಿನವರು ಮಾತ್ರ ಅರ್ಧ ಗಂಟೆ ನಿಂತು ಮಾತಾಡುತ್ತಾರೆ. ಅಲ್ಲಿ ಗದ್ದೆಯಲ್ಲಿ, ದೇವಸ್ಥಾನದ ಪಕ್ಕ ಬಯಲಿನಲ್ಲಿ ನಡೆಯುವುದಕ್ಕೆ ಇಲ್ಲಿ ಸೂರು ಕಟ್ಟಿಸಿದ್ದರು ಎಂಬುದೇ ಅವರಿಗೆ ಆಶ್ಚರ್ಯ.

ಸುಮ್ನೆ ನಡೆದಾಡೋಕೆ ಒಳ್ಳೆ ಜಾಗ ಯಾವುದು?

ಕಾಲುವೆ ದಂಡೆ. ಮಾಂಟ್‌ಗೊಮೆರಿ ಕಾಲುವೆ ಊರ ಮಧ್ಯದಲ್ಲೇ ಹಾದುಹೋಗುತ್ತದೆ. 1936ರಲ್ಲಿ ಏರಿ ಒಡೆದು ಹೋದ ಮೇಲೆ ಅದನ್ನು ಯಾರೂ ಸರಿ ಮಾಡಲಿಲ್ಲ. 1944ರಲ್ಲಿ ಕಾನೂನು ಮಾಡಿ ಕೈಬಿಟ್ಟರು. ಹೂಳು ತುಂಬಿ, ಗಿಡ ಬೆಳೆದು, ಕಸದ ಗುಂಡಿ ಆಗಿತ್ತು. ಬೈಪಾಸ್ ರಸ್ತೆಯನ್ನು ಅದರ ಮೇಲೇ ಹಾಕುವ ಯೋಜನೆ ಬಂದಾಗ, 1969ರ ಅಕ್ಟೋಬರ್‌ನಲ್ಲಿ ಸ್ವಯಂಸೇವಕರು ಗುದ್ದಲಿ ಹಿಡಿದು ಬಂದು ಊರೊಳಗಿನ ಭಾಗವನ್ನು ಸ್ವಚ್ಛ ಮಾಡಿದರು. ನೀರು ಕಂಡ ಮೇಲೆ ಊರಿನವರಿಗೂ ಅದು ಬೇಕೆನಿಸಿತು. ರಸ್ತೆ ಬೇರೆ ದಾರಿ ಹಿಡಿಯಿತು.

ಈಗ ಅಲ್ಲಿ ಬಾತುಕೋಳಿ, ಮೀನು, ಅಪರೂಪದ ನೀರುಗಿಡಗಳಿವೆ. ತೇಲುವ ಒಂದು ಸಣ್ಣ ಬಿಳಿ ಹೂವಿನ ಗಿಡಕ್ಕಾಗಿಯೇ ಈ ಕಾಲುವೆಗೆ ವಿಶೇಷ ರಕ್ಷಣೆ ಇದೆ. ದಂಡೆಯ ಹಳೆಯ ಗೋದಾಮಿನಲ್ಲಿ ಪೊವಿಸ್‌ಲ್ಯಾಂಡ್ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎರಡೂ ಇವೆ. ಈಗ 'ಅ ಲಾನ್ವಾ' ಎಂದು ಕರೆಯುತ್ತಾರೆ. ಮಳೆ ಹಿಡಿದರೆ ಅಲ್ಲಿ ಹೋಗಿ ಕೂತುಕೊಳ್ಳಿ.

ಚರ್ಚ್ ಹತ್ತಿರದ ಸಣ್ಣ ಮನೆಗೆ ಯಾರೋ ಹೆಂಗಸಿನ ಹೆಸರಿದೆಯಲ್ಲ, ಯಾರಾಕೆ?

ಗ್ರೇಸ್ ಇವಾನ್ಸ್. ಪೋವಿಸ್ ಕೋಟೆಯ ಹರ್ಬರ್ಟ್ ಮನೆತನದ ಮಗಳು ವಿನಿಫ್ರೆಡ್‌ಳ ಸೇವಕಿ. ವಿನಿಫ್ರೆಡ್‌ಳ ಗಂಡ ನಿತ್ಸ್‌ಡೇಲ್ ಪ್ರಭು ರಾಜನ ವಿರುದ್ಧ ದಂಗೆ ಎದ್ದು ಸಿಕ್ಕಿಬಿದ್ದಿದ್ದ. ಲಂಡನ್ ಟವರ್‌ನಲ್ಲಿ ಮರಣದಂಡನೆ ಕಾಯುತ್ತಿದ್ದ. 1716ರ ಫೆಬ್ರವರಿಯಲ್ಲಿ, ತಲೆ ತೆಗೆಯುವ ಹಿಂದಿನ ರಾತ್ರಿ, ಹೆಂಡತಿ ಅವನಿಗೆ ಹೆಂಗಸಿನ ಬಟ್ಟೆ ತೊಡಿಸಿ ಕಾವಲುಗಾರರ ಮುಂದೆಯೇ ಹೊರಗೆ ಕರೆತಂದಳು. ಆ ಸಾಹಸದಲ್ಲಿ ಜೊತೆಗಿದ್ದವಳು ಗ್ರೇಸ್. ಪ್ರಭುಗಳ ಕಥೆ ಎಲ್ಲ ಕಡೆ ಬರೆದಿಡುತ್ತಾರೆ. ಕೆಲಸದಾಕೆಯ ಹೆಸರಿನಲ್ಲಿ ಒಂದು ಮನೆ ಉಳಿದಿದೆಯಲ್ಲ, ನನಗೆ ಅದು ತುಂಬ ಇಷ್ಟ.

ಸಸ್ಯಾಹಾರಿಗಳಿಗೆ ಊಟ ಸಿಗತ್ತಾ?

ಸಿಗುತ್ತದೆ, ಕೆಫೆಗಳಲ್ಲಿ ಸೂಪು, ಸ್ಯಾಂಡ್‌ವಿಚ್, ಬೇಯಿಸಿದ ಆಲೂಗಡ್ಡೆ. 'ವೆಲ್ಶ್ ಕೇಕ್' ತಿನ್ನಿ, ಕಾವಲಿಯ ಮೇಲೆ ಬೇಯಿಸುವ ದ್ರಾಕ್ಷಿ ಹಾಕಿದ ಬಿಲ್ಲೆ. ಆದರೆ ಸಾಂಪ್ರದಾಯಿಕವಾಗಿ ಅದಕ್ಕೆ ಹಂದಿ ಕೊಬ್ಬು ಹಾಕುವವರೂ ಇದ್ದಾರೆ, ಮೊಟ್ಟೆಯೂ ಇರುತ್ತದೆ. ಕೇಳಿ ತಿನ್ನಿ. ಮನೆಯಿಂದ ಚಿತ್ರಾನ್ನ ತಂದು ಕೋಟೆಯ ಕೆಳಗಿನ ಹುಲ್ಲಿನ ಮೇಲೆ ಕೂತು ತಿನ್ನುವುದು ನಮ್ಮ ಮನೆಯ ಪದ್ಧತಿ.

## ಪೋವಿಸ್ ಕೋಟೆ

ಅದು ರಾಬರ್ಟ್ ಕ್ಲೈವ್‌ನ ಮನೆನಾ?

ಅಲ್ಲ. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. 1757ರಲ್ಲಿ ಪ್ಲಾಸಿಯಲ್ಲಿ ಗೆದ್ದ ಕ್ಲೈವ್ ಪಕ್ಕದ ಶ್ರಾಪ್‌ಶೈರ್‌ನವನು. ಅವನು ಸತ್ತದ್ದು 1774ರಲ್ಲಿ. ಅವನು ಇದ್ದಾಗ ಈ ಕೋಟೆ ಅವನ ಮನೆತನಕ್ಕೆ ಸೇರಿರಲಿಲ್ಲ.

ಕೋಟೆ ಕಟ್ಟಿದವರು ವೆಲ್ಶ್ ರಾಜಕುಮಾರರು, 13ನೇ ಶತಮಾನದಲ್ಲಿ. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಕೊಂಡುಕೊಂಡ. ಸುಮಾರು ಇನ್ನೂರು ವರ್ಷ ಆದ ಮೇಲೆ ಹರ್ಬರ್ಟರ ಬಳಿ ಹೆಸರಿತ್ತು, ದುಡ್ಡಿರಲಿಲ್ಲ. ಕ್ಲೈವ್‌ನ ಮಗ ಎಡ್ವರ್ಡ್ ಬಳಿ ಬಂಗಾಳದಿಂದ ಬಂದ ದುಡ್ಡಿತ್ತು. ಎಡ್ವರ್ಡ್ ಈ ಮನೆಯ ಮಗಳು ಹೆನ್ರಿಯೆಟಾಳನ್ನು ಮದುವೆಯಾದ. ಅವಳ ಅಣ್ಣ ಮಕ್ಕಳಿಲ್ಲದೆ 1801ರಲ್ಲಿ ತೀರಿಕೊಂಡ. ಕೋಟೆ ಅವಳ ಮಗನ ಪಾಲಾಯಿತು. ಅವನು ಕ್ಲೈವ್ ಎಂಬ ಹೆಸರು ಬಿಟ್ಟು ಹರ್ಬರ್ಟ್ ಎಂದು ಇಟ್ಟುಕೊಂಡ. ಕೋಟೆ ರಿಪೇರಿಯಾದದ್ದು ಕ್ಲೈವ್ ದುಡ್ಡಿನಿಂದ. 1952ರಿಂದ ಇದನ್ನು ನ್ಯಾಷನಲ್ ಟ್ರಸ್ಟ್ ಎಂಬ, ಹಳೆಯ ಮನೆ, ತೋಟಗಳನ್ನು ಕಾಪಾಡುವ ಸಂಸ್ಥೆ ನೋಡಿಕೊಳ್ಳುತ್ತಿದೆ.

ಟಿಪ್ಪುವಿನದು ಅಂತ ಏನೇನಿದೆ ಅಲ್ಲಿ?

ಮೊದಲು ಗುಡಾರ. ಬಿಳಿ ಹತ್ತಿ ಬಟ್ಟೆ. ಅದರ ತುಂಬ ಹೂದಾನಿ, ಬಳ್ಳಿ, ಹೂವು. 18ನೇ ಶತಮಾನದ ಬಣ್ಣ ಇವತ್ತಿಗೂ ಮಾಸಿಲ್ಲ. ನೀರು, ಬಿಸಿಲು, ಒಗೆತ ತಡೆಯುವ ಬಣ್ಣ ಹಾಕುವ ವಿದ್ಯೆ ಆಗ ಯುರೋಪಿಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮವರ ಕೈಗೆ ಗೊತ್ತಿತ್ತು. ಇದನ್ನು ಇಲ್ಲಿ ತಂದ ಮೇಲೆ ಮನೆಯವರು ತೋಟದ ಔತಣಗಳಿಗೆ ಚಪ್ಪರದ ಹಾಗೆ ಹಾಕುತ್ತಿದ್ದರಂತೆ. ಈಗ ಕಡಿಮೆ ಬೆಳಕಿನಲ್ಲಿ ಇಟ್ಟಿದ್ದಾರೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ, ಆಮೇಲೆ ಹೂವುಗಳು ಒಂದೊಂದಾಗಿ ಹೊರಬರುತ್ತವೆ.

ಎರಡನೆಯದು ಚಿನ್ನದ ಹುಲಿ ತಲೆ. ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣದು. ಮಾಣಿಕ್ಯ, ಪಚ್ಚೆ, ವಜ್ರ ಕೂರಿಸಿದ್ದಾರೆ. ಟಿಪ್ಪುವಿನ ಸಿಂಹಾಸನದ ಕಟಕಟೆಯ ಮೇಲೆ ಇಂಥವು ಸಾಲಾಗಿ ಇದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿ ಹಂಚಲು ನೇಮಿಸಿದ ಅಧಿಕಾರಿಗಳು ಸಿಂಹಾಸನವನ್ನು ತುಂಡು ತುಂಡು ಮಾಡಿದರು. ಅದರಲ್ಲಿ ಒಂದು ತುಂಡು ಇದು.

ಪ್ರವಾಸದ ಮಂಚ ಮತ್ತು ಚಪ್ಪಲಿ ಕೂಡ ಇವೆ. ಚಪ್ಪಲಿ ನೋಡಿದಾಗ ನನ್ನ ಅಮ್ಮ ಏನೂ ಮಾತಾಡಲಿಲ್ಲ. ಕಿರೀಟ, ಕತ್ತಿ ಬೇರೆ. ಕಾಲಿಗೆ ಹಾಕಿದ್ದು ಬೇರೆ.

ಭಾರತ ಮತ್ತು ಪೂರ್ವದ ದೇಶಗಳಿಂದ ಬಂದ ಸಾವಿರಕ್ಕೂ ಜಾಸ್ತಿ ವಸ್ತುಗಳು ಈ ಕೋಟೆಯಲ್ಲಿವೆ. ಬಂಗಾಳದ ನವಾಬ ಸಿರಾಜುದ್ದೌಲನದು ಎಂದು ಹೇಳುವ ಪಲ್ಲಕ್ಕಿಯೂ ಅದರಲ್ಲಿ ಒಂದು.

ಶ್ರೀರಂಗಪಟ್ಟಣದ ವಸ್ತುಗಳು ಈ ಮೂಲೆಗೆ ಹೇಗೆ ಬಂದವು?

ಹೆನ್ರಿಯೆಟಾಳ ಗಂಡ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಟಿಪ್ಪು ಸತ್ತದ್ದು 1799ರ ಮೇ 4ರಂದು. ಯುದ್ಧದ ತಯಾರಿ, ಆಮೇಲಿನ ಹಂಚಿಕೆ ಎರಡಕ್ಕೂ ಮದರಾಸು ಮುಖ್ಯ ಜಾಗ. ಗವರ್ನರ್ ಮನೆಗೆ ಕಾಣಿಕೆಯಾಗಿ, ಖರೀದಿಯಾಗಿ ಅನೇಕ ವಸ್ತುಗಳು ಬಂದವು.

ಮುಂದಿನ ವರ್ಷ, 1800ರ ಮಾರ್ಚ್‌ನಲ್ಲಿ, ಹೆನ್ರಿಯೆಟಾ ಗಂಡನನ್ನು ಮದರಾಸಿನಲ್ಲೇ ಬಿಟ್ಟು ತಾನೇ ಪ್ರಯಾಣ ಹೊರಟಳು. ಜೊತೆಗೆ ಚಿಕ್ಕ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು, ಅವರಿಗೆ ಚಿತ್ರ ಕಲಿಸುವ ಇಟಲಿಯ ಅನ್ನಾ ಟೊನೆಲ್ಲಿ, ಆನೆ, ಎತ್ತಿನ ಗಾಡಿ, ಆಳುಗಳ ದೊಡ್ಡ ದಂಡು. ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಅಲ್ಲಿಂದ ಕೊಯಮತ್ತೂರು, ತಂಜಾವೂರು ಸುತ್ತಿ ಅಕ್ಟೋಬರ್‌ನಲ್ಲಿ ಮದರಾಸಿಗೆ ವಾಪಸ್. ಸಾವಿರ ಮೈಲಿಗೂ ಮಿಕ್ಕ ದಾರಿ. ದಿನಚರಿ ಬರೆದಳು, ಗಿಡ ಕಲೆಹಾಕಿದಳು, ಕಲ್ಲು ಆರಿಸಿದಳು. ಮಗಳು ಷಾರ್ಲೆಟ್ ಕೂಡ ದಿನಚರಿ ಬರೆದಳು. ಷಾರ್ಲೆಟ್ ಮುಂದೆ ವಿಕ್ಟೋರಿಯಾ ರಾಣಿಗೆ ಅವಳ ಬಾಲ್ಯದಲ್ಲಿ ಗವರ್ನೆಸ್ ಆದಳು.

ಕೋಟೆಯಲ್ಲಿ ಟಿಪ್ಪು ಸಿಂಹಾಸನದಲ್ಲಿ ಕೂತಿರುವ ಒಂದು ಜಲವರ್ಣ ಚಿತ್ರ ಇದೆ. ಬರೆದವಳು ಟೊನೆಲ್ಲಿ, 1800ರಲ್ಲಿ. ಅಷ್ಟರಲ್ಲಿ ಟಿಪ್ಪು ಇರಲಿಲ್ಲ, ಸಿಂಹಾಸನವೂ ಇರಲಿಲ್ಲ. ನೋಡಿದವರ ಮಾತು ಕೇಳಿ, ಉಳಿದ ತುಂಡುಗಳನ್ನು ನೋಡಿ ಬರೆದಿರಬೇಕು. ಸಾವಿರ ವಸ್ತುಗಳ ನಡುವೆ ಜನ ಇದನ್ನು ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ.

ತೋಟ ನೋಡಲೇಬೇಕಾ? ತೋಟ ಎಲ್ಲಾ ಕಡೆ ಇರತ್ತಲ್ಲ.

ಇಂಥದ್ದು ಎಲ್ಲ ಕಡೆ ಇಲ್ಲ. ಕೆಂಪು ಕಲ್ಲಿನ ಕೋಟೆ ಬಂಡೆಯ ತುದಿಯಲ್ಲಿ ನಿಂತಿದೆ. ಅದರ ಕೆಳಗೆ ಬಂಡೆಯನ್ನೇ ಕಡಿದು, ಮೆಟ್ಟಿಲು ಮೆಟ್ಟಿಲಾಗಿ ಜಗುಲಿಗಳನ್ನು ಮಾಡಿದ್ದಾರೆ. 17ನೇ ಶತಮಾನದ ಕೊನೆಯಲ್ಲಿ ಶುರುವಾದ ಕೆಲಸ. ಆಮೇಲೆ ಬ್ರಿಟನ್ನಿನಲ್ಲಿ ಇಂಥ ಜಗುಲಿ ತೋಟಗಳನ್ನು ಅಗೆದು ಹುಲ್ಲುಗಾವಲು ಮಾಡುವ ಗೀಳು ಬಂತು. ಇದು ಹೇಗೋ ಉಳಿದುಕೊಂಡಿತು. ಸೀಸದಲ್ಲಿ ಎರಕ ಹೊಯ್ದ ಕುರುಬ, ಕುರುಬತಿಯರ ಬೊಂಬೆಗಳು ಕಟಕಟೆಯ ಮೇಲೆ ಕುಣಿಯುತ್ತಾ ನಿಂತಿವೆ.

ಮೇಲಿನ ಜಗುಲಿಯ ಯೂ ಮರಗಳನ್ನು ನೋಡಿ. ಮುನ್ನೂರು ವರ್ಷ ಕತ್ತರಿಸಿ ಕತ್ತರಿಸಿ ಅವು ದೊಡ್ಡ ಹಸಿರು ಮೋಡಗಳಾಗಿವೆ. ಬೇಲಿಯ ಎತ್ತರವೇ ಕೆಲವು ಕಡೆ ಮೂರು, ನಾಲ್ಕು ಮಹಡಿ. ಸವರುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ಅಲ್ಲಿಂದ ಎದುರಿಗೆ ಸೆವರ್ನ್ ಬಯಲು, ಅದರಾಚೆ ಬೆಟ್ಟ ಸಾಲು.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಹೋಗಬಹುದು. ಆದರೆ ಇಳಿಜಾರು ಜಾಸ್ತಿ, ಒಳಗೆ ಹಳೆಯ ಮೆಟ್ಟಿಲು. ಊರಿಂದ ಪಾರ್ಕಿನ ಒಳಗೆ ನಡೆದು ಬರುವ ದಾರಿ ಸುಂದರ, ಒಂದೂವರೆ ಕಿಲೋಮೀಟರ್ ಇದ್ದೀತು, ಆದರೆ ಏರು. ಮಂಡಿ ನೋವಿದ್ದವರು ಟ್ಯಾಕ್ಸಿಯಲ್ಲಿ ಬರಲಿ. ಒಳಗೆ ಮೊದಲು ನೋಡಿಸಿ, ತೋಟವನ್ನು ಕಾಲಿನ ಶಕ್ತಿ ನೋಡಿಕೊಂಡು ಮಾಡಿ. ಅಂಗಳದಲ್ಲಿ ನವಿಲು ಓಡಾಡುತ್ತವೆ. ಅಪ್ಪ ಅಮ್ಮ ಅಲ್ಲೇ ಕೂತರೂ ಹೊತ್ತು ಹೋಗುತ್ತದೆ. ಕೋಟೆಯ ಒಳಗಿನ ಸಮಯ, ತೋಟದ ಸಮಯ ಬೇರೆ ಬೇರೆ ಇರುತ್ತವೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

## ಊರಿನ ಸುತ್ತ

ಮುಳುಗಿದ ಹಳ್ಳಿಯ ಕೆರೆ ಅಂತಾರಲ್ಲ, ಎಲ್ಲಿದೆ?

ವರ್ನ್‌ವಿ ಕೆರೆ. ಕಾರಿನಲ್ಲಿ ಸುಮಾರು ಒಂದು ಗಂಟೆ. ಲಿವರ್‌ಪೂಲ್ ನಗರಕ್ಕೆ ಕುಡಿಯುವ ನೀರು ಬೇಕೆಂದು 1880ರ ದಶಕದಲ್ಲಿ ಇಲ್ಲಿ ಕಲ್ಲಿನ ಅಣೆಕಟ್ಟು ಕಟ್ಟಿದರು. ಲಾನೂದಿನ್ ಎಂಬ ಹಳ್ಳಿ ಮುಳುಗಿತು. ಚರ್ಚು, ಮನೆ, ಹೊಲ ಎಲ್ಲಾ. ಗೋರಿಗಳನ್ನು ಅಗೆದು ಬೇರೆ ಕಡೆ ಸಾಗಿಸಿದರು. ಅಣೆಕಟ್ಟಿನ ಕೆಳಗೆ ಹೊಸ ಊರು ಕಟ್ಟಿ ಅದೇ ಹೆಸರಿಟ್ಟರು. ತೀರ ಒಣ ಬೇಸಿಗೆ ಬಂದರೆ ಹಳೆಯ ಗೋಡೆಗಳ ತಳ ಕಾಣಿಸುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಮುಳುಗಿದ ಕಥೆ ಕೇಳಿಯೇ ಬೆಳೆದವರು ನಾವು. ವೇಣುಗೋಪಾಲಸ್ವಾಮಿ ನೀರಿಳಿದಾಗ ಕಾಣಿಸುತ್ತಿದ್ದದ್ದು, ಆಮೇಲೆ ಗುಡಿಯನ್ನು ಕಲ್ಲು ಕಲ್ಲಾಗಿ ಹೊಸ ಕನ್ನಂಬಾಡಿಗೆ ಸಾಗಿಸಿದ್ದು ಎಲ್ಲ ಗೊತ್ತು. ಒಂದು ವ್ಯತ್ಯಾಸ ಇದೆ. ಕನ್ನಂಬಾಡಿಯ ನೀರು ಮಂಡ್ಯದ ಗದ್ದೆಗೆ ಬಂತು. ಇಲ್ಲಿನ ನೀರು ಗಡಿ ದಾಟಿ ನೂರು ಕಿಲೋಮೀಟರ್ ಆಚೆಗೆ ಹೋಯಿತು. ವೆಲ್ಶ್ ಜನರ ಮನಸ್ಸಿನಲ್ಲಿ ಅದು ಇನ್ನೂ ಇದೆ.

ಹತ್ತಿರದಲ್ಲಿ ಜಲಪಾತ ಇದೆಯಾ? ಜೋಗ ನೋಡಿದವರಿಗೆ ಅದು ಹಿಡಿಸತ್ತಾ?

ಪಿಸ್ತಿಲ್ ರೈಯಾದರ್. ಎತ್ತರ ಸುಮಾರು 73 ಮೀಟರ್. ಜೋಗಕ್ಕೆ ಹೋಲಿಸಬೇಡಿ, ಅದರ ಮೂರನೇ ಒಂದು ಭಾಗವೂ ಇಲ್ಲ. ಆದರೆ ಬುಡದವರೆಗೂ ಹೋಗಿ ತುಂತುರಿನಲ್ಲಿ ನಿಲ್ಲಬಹುದು. ನಡುವೆ ಬಂಡೆಯೇ ಕಮಾನಾಗಿ, ನೀರು ಅದರ ಒಳಗೆ ಹಾದು ಬೀಳುತ್ತದೆ.

ಹೋಗುವ ದಾರಿಯ ಹಳ್ಳಿಯ ಚರ್ಚಿನ ಬಳಿ ಕಾರು ನಿಲ್ಲಿಸಿ. 16ನೇ ಶತಮಾನದಲ್ಲಿ ವಿಲಿಯಂ ಮಾರ್ಗನ್ ಇಲ್ಲಿ ಪಾದ್ರಿಯಾಗಿದ್ದ. ಇಡೀ ಬೈಬಲನ್ನು ವೆಲ್ಶ್ ಭಾಷೆಗೆ ತಂದವನು ಅವನು. ಅದು ಅಚ್ಚಾದದ್ದು 1588ರಲ್ಲಿ. ಆಡಳಿತದಿಂದ ಹೊರದೂಡಿದ್ದ ಭಾಷೆ ವಾರವಾರ ಪ್ರತಿ ಹಳ್ಳಿಯ ಚರ್ಚಿನಲ್ಲಿ ಗಟ್ಟಿಯಾಗಿ ಓದುವ ಭಾಷೆಯಾಯಿತು. ವೆಲ್ಶ್ ಇವತ್ತಿಗೂ ಉಳಿದಿರುವುದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಟ್ರೆಕ್ಕಿಂಗ್ ಮಾಡುವವರಿಗೆ ಏನಿದೆ?

ಆಫಾನ ದಿಬ್ಬದ ಹಾದಿ. 8ನೇ ಶತಮಾನದಲ್ಲಿ ಮರ್ಸಿಯಾದ ರಾಜ ಆಫಾ ವೆಲ್ಶರಿಗೂ ತನಗೂ ನಡುವೆ ಹಾಕಿಸಿದ ಮಣ್ಣಿನ ಏರಿ. ಅದರ ಜಾಡಿನಲ್ಲಿ 285 ಕಿಲೋಮೀಟರ್ ಕಾಲುಹಾದಿ ಇದೆ. ಅದು ವೆಲ್ಶ್‌ಪೂಲ್ ಪಕ್ಕದ ಬಟಿಂಗ್ಟನ್‌ನಲ್ಲಿ ಹಾದುಹೋಗುತ್ತದೆ. ಪೂರ್ತಿ ನಡೆಯಲು ಎರಡು ವಾರ ಬೇಕು. ಅರ್ಧ ದಿನ ಇದ್ದರೆ ಬ್ರೈಡನ್ ಬೆಟ್ಟ ಹತ್ತಿ. ತುದಿಯಲ್ಲಿ ಅಡ್ಮಿರಲ್ ರಾಡ್ನಿಯ ಕಂಬ ಇದೆ. ಇಲ್ಲಿನ ಓಕ್ ಮರ ಅವನ ಹಡಗುಗಳಿಗೆ ಹೋಗುತ್ತಿತ್ತು ಎಂದು ಊರಿನವರು ಎತ್ತಿಸಿದ್ದು. ಕಾರಿದ್ದರೆ ಮಾಂಟ್‌ಗೊಮೆರಿ ಕೋಟೆಗೂ ಹೋಗಿ. ಪಾಳು ಬಿದ್ದ ಕೋಟೆ, ಟಿಕೆಟ್ ಇಲ್ಲ, ಗಾಳಿ ಮಾತ್ರ.

ನ್ಯೂಟೌನ್‌ಗೆ ಹೋಗಬೇಕು ಅಂತ ನಮ್ಮ ಸಹಕಾರ ಸಂಘದ ಹಿರಿಯರು ಹೇಳ್ತಾರೆ, ಯಾಕೆ?

ರಾಬರ್ಟ್ ಓವನ್ ಹುಟ್ಟಿದ ಊರದು, 1771ರಲ್ಲಿ. ಕೊನೆಗೆ ಅಲ್ಲಿಗೇ ಬಂದು ತೀರಿಕೊಂಡ. ಸಹಕಾರ ಚಳವಳಿಯ ಮೂಲಪುರುಷ ಎಂದು ಅವನನ್ನು ನೆನೆಯುತ್ತಾರೆ. ಸಣ್ಣ ವಸ್ತುಸಂಗ್ರಹಾಲಯ ಇದೆ, ಸಮಾಧಿ ಇದೆ. ಅವನ ವಿಚಾರ ಸುತ್ತಿ ಸುತ್ತಿ 1905ರಲ್ಲಿ ಗದಗದ ಕಣಗಿನಹಾಳಕ್ಕೂ ಬಂತಲ್ಲ. ನಿಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. ವೆಲ್ಶ್‌ಪೂಲ್‌ನಿಂದ ರೈಲಿನಲ್ಲಿ ಮುಂದಿನ ನಿಲ್ದಾಣ.

## ಇನ್ನೂ ಸ್ವಲ್ಪ ಆಳಕ್ಕೆ

ಇವೆಲ್ಲ ನಮ್ಮದು. ವಾಪಸ್ ಕೊಡಬೇಕಲ್ವಾ?

ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಆ ಚರ್ಚೆ ಬೇರೆ. ಗೆದ್ದ ಸೈನ್ಯ ಸೋತ ರಾಜಧಾನಿಯನ್ನು ದೋಚಿತು ಎಂಬುದರಲ್ಲಿ ಚರ್ಚೆ ಇಲ್ಲ. 'ಲೂಟಿ' ಎಂಬ ನಮ್ಮ ಮಾತೇ ಇಂಗ್ಲಿಷಿಗೆ ಹೋಯಿತು.

2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಮನೆಗಳಿಗೂ ವಸಾಹತು, ಗುಲಾಮಗಿರಿಗೂ ಇರುವ ನಂಟಿನ ಬಗ್ಗೆ ವರದಿ ತಂದಿತು. ಪೋವಿಸ್ ಅದರಲ್ಲಿತ್ತು. ಅದಕ್ಕೆ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯೂ ಆಯಿತು. ನನ್ನ ಅಭಿಪ್ರಾಯ ಕೇಳಿದರೆ, ಸಿಂಹಾಸನದ ತುಂಡು ಸಿಂಹಾಸನ ಇದ್ದ ಊರಿಗೆ ಬರಬೇಕು. ಅದಾಗುವವರೆಗೆ ಒಂದು ಸಣ್ಣ ಕೆಲಸ ಆಗಬಹುದು. ಅಲ್ಲಿ ಇಂಗ್ಲಿಷ್, ವೆಲ್ಶ್ ವಿವರಣೆ ಇದೆ. ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲು ಇರಲಿ. ಹೋದವರೆಲ್ಲ ಸಂದರ್ಶಕರ ಅಭಿಪ್ರಾಯದಲ್ಲಿ ಇದನ್ನು ಬರೆಯಿರಿ. ನಾನು ಪ್ರತಿ ಸಲ ಬರೆಯುತ್ತೇನೆ.

ಟಿಪ್ಪುವಿನ ಉಳಿದ ವಸ್ತುಗಳು ಬ್ರಿಟನ್ನಲ್ಲಿ ಎಲ್ಲೆಲ್ಲಿವೆ?

ಸೈನಿಕನ ಮೇಲೆ ಎರಗಿದ ಮರದ ಹುಲಿ, ಒಳಗೆ ವಾದ್ಯ ಇರುವುದು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಿಂಹಾಸನದ ದೊಡ್ಡ ಹುಲಿ ತಲೆಯೂ ಮೇಲಿದ್ದ ಹುಮಾ ಹಕ್ಕಿಯೂ ರಾಜಮನೆತನದ ಸಂಗ್ರಹದಲ್ಲಿವೆ. ಟಿಪ್ಪು ತನ್ನ ಕನಸುಗಳನ್ನು ತಾನೇ ಬರೆದಿಟ್ಟ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಿಂಹಾಸನ ಹೇಗಿತ್ತು ಎಂದು ಅಂದಾಜು ಮಾಡಬೇಕಾದರೆ ವೆಲ್ಶ್‌ಪೂಲ್‌ನ ಸಣ್ಣ ತಲೆಯನ್ನೂ ಆ ದೊಡ್ಡ ತಲೆಯನ್ನೂ ಎರಡನ್ನೂ ನೋಡಬೇಕು.

ಮುಂದಿನ ವರ್ಷ ಹೋಗ್ತಿದ್ದೀನಿ. ಅದಕ್ಕೂ ಮುಂಚೆ ಊರಲ್ಲಿ ಏನಾದ್ರೂ ನೋಡಿಕೊಂಡು ಹೋಗಬೇಕಾ?

ಶ್ರೀರಂಗಪಟ್ಟಣಕ್ಕೆ ಒಂದು ದಿನ ಕೊಡಿ. ದರಿಯಾ ದೌಲತ್‌ನ ಗೋಡೆಗಳನ್ನು ನಿಧಾನ ನೋಡಿ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಒಂದು ಕಡೆ ಇದೆ. ಮಿಕ್ಕ ಗೋಡೆ, ಚಾವಣಿ ತುಂಬ ಹೂ ಬಳ್ಳಿ. ಆ ಹೂವುಗಳನ್ನು ಕಣ್ಣಲ್ಲಿ ತುಂಬಿಕೊಳ್ಳಿ, ಗುಡಾರದ ಮುಂದೆ ನಿಂತಾಗ ಬೇಕಾಗುತ್ತವೆ. ಆಮೇಲೆ ಟಿಪ್ಪುವಿನ ಶವ ಸಿಕ್ಕ ಜಾಗಕ್ಕೆ ಹೋಗಿ, ಒಂದು ಕಲ್ಲು ನೆಟ್ಟಿದ್ದಾರೆ. ಅರಮನೆ ಇದ್ದ ಕಡೆ ಈಗ ಬರೀ ಪಾಯ. ಗುಡಾರ, ಹುಲಿ ತಲೆ, ಚಪ್ಪಲಿ ಹೊರಟದ್ದು ಆ ಊರಿಂದ. ಅಲ್ಲಿಂದ ಕಾವೇರಿ ದಂಡೆಗೆ ನಡೆದರೆ ಕೆಲವೇ ನಿಮಿಷ.